ಅರುವತ್ತೊಂದು ಬಿಲ್ಡು, ಒಂದು ಕೆರೆ

ಕಂಪ್ಯೂಟರಿನಲ್ಲಿ ನನಗೆ ಮೊದಲು ಕೈಗೆ ಬಂದ ವಿದ್ಯೆಯೆಂದರೆ ಹಳೆಯ ಫೈಲು ತೆರೆದು, ಹೆಸರು ಬದಲಿಸಿ, ಹೊಸ ಫೈಲೆಂದು ಉಳಿಸುವುದು. ಪುತ್ತೂರಿನ ಬಸ್ ನಿಲ್ದಾಣದ ಹತ್ತಿರ ಒಂದು ಡಿಟಿಪಿ ಅಂಗಡಿಯಲ್ಲಿ ಹದಿಮೂರು ವರ್ಷ ಮದುವೆ ಕಾಗದ ಮಾಡಿದವಳು ನಾನು. ಗಣಪತಿ ಅದೇ, ಬಾಳೆಗಿಡ ಅದೇ, ಕೆಳಗೆ ಕೈಮುಗಿದ ಕೈಗಳೂ ಅವೇ. ಬದಲಾಗುವುದು ಹುಡುಗ, ಹುಡುಗಿ ಮತ್ತು ಸಭಾಭವನ ಮಾತ್ರ. ಒಮ್ಮೆ ಕಡಬದ ಕಡೆಯ ಒಂದು ಮದುವೆಯ ಕಾಗದದಲ್ಲಿ ಹುಡುಗನನ್ನು ಬದಲಿಸಿದೆ, ಹುಡುಗನ ಅಪ್ಪನನ್ನು ಬದಲಿಸಲು ಮರೆತೆ. ಹಿಂದಿನ ವಾರದ ಮದುಮಗನ ಅಪ್ಪ ಈ ಮದುಮಗನಿಗೂ ಅಪ್ಪನಾಗಿ ಅಚ್ಚಾದರು. ಕಾಗದ ಎಲ್ಲ ಹಂಚಿ ಆದ ಮೇಲೆ ಗೊತ್ತಾಯಿತು. ಆ ಹಿಂದಿನ ವಾರದ ಅಪ್ಪ, ಕಾಗದದಲ್ಲಿ ಹೆಸರು ಹಾಕಿ ಕರೆದ ಮೇಲೆ ಹೋಗದಿದ್ದರೆ ಚೆನ್ನಾಗಿರುವುದಿಲ್ಲ ಎಂದು ಮದುವೆಗೆ ಹೋಗಿ ಊಟ ಮಾಡಿ ಬಂದರಂತೆ. ಈ ಕತೆಯನ್ನು ನಮ್ಮ ಕಡೆಯವರು ಈಗಲೂ ನನ್ನ ಎದುರಿಗೇ ಹೇಳಿ ನಗುತ್ತಾರೆ.

ಜನ ಕಾಗದ ಬಿಟ್ಟು ಮೊಬೈಲಿನಲ್ಲೇ ಮದುವೆಗೆ ಕರೆಯಲು ಸುರುಮಾಡಿದಾಗ ಅಂಗಡಿ ಮುಚ್ಚಿತು. ನಾನು ಅದೇ ರಸ್ತೆಯ ಟಯರ್ ಅಂಗಡಿಯ ಮಹಡಿಯಲ್ಲಿದ್ದ ಒಂದು ಸಣ್ಣ ಕಂಪೆನಿಗೆ ಸೇರಿದೆ. ಯಜಮಾನರು ಬ್ಯಾರಿ ಮನೆತನದವರು, ಗಲ್ಫಿನಲ್ಲಿ ಇಪ್ಪತ್ತು ವರ್ಷ ಏಸಿಗಳ ಕಂಟ್ರೋಲ್ ಪ್ಯಾನೆಲ್ ಜೋಡಿಸಿ ಬಂದವರು. ಇಲ್ಲಿ ಬಂದು ಅವರು ಮಾಡಲು ಹೊರಟದ್ದು ಪಂಪಿನ ಡಬ್ಬಿ. ತೋಟದ ಪಂಪ್ ಶೆಡ್ಡಿನಲ್ಲಿ ಇಡುವ ಡಬ್ಬಿ ಅದು, ಒಳಗೊಂದು ಸಿಮ್ ಇರುತ್ತದೆ. ಕರೆಂಟು ಬಂದ ಕೂಡಲೇ ಪಂಪು ತಾನೇ ಏಳುತ್ತದೆ, ಮತ್ತೆ ಆ ಡಬ್ಬಿ ಮನೆಯವರಿಗೆ ಫೋನು ಮಾಡಿ ‘ಪಂಪು ಚಾಲು ಆಗಿದೆ, ನಿಲ್ಲಿಸಲು ಎರಡು ಒತ್ತಿ’ ಎಂದು ಹೇಳುತ್ತದೆ. ಹೇಳುವುದು ಅವರವರ ಮನೆಯ ಭಾಷೆಯಲ್ಲಿ. ಅದೇ ನಮ್ಮ ಹೆಚ್ಚುಗಾರಿಕೆ.

ಸ್ವರ ಕೊಡಲು ಹೊರಗಿನವರನ್ನು ಕರೆಯುವಷ್ಟು ದೊಡ್ಡ ಕಂಪೆನಿ ನಮ್ಮದಲ್ಲ. ಕನ್ನಡ ಮತ್ತು ತುಳು ನನ್ನ ಸ್ವರ. ಅರೆಭಾಷೆ, ಪ್ರೋಗ್ರಾಂ ಬರೆಯುವ ಸುಳ್ಯದ ಇಂಜಿನಿಯರಮ್ಮನದ್ದು. ಬ್ಯಾರಿ ಭಾಷೆಗೆ ಯಜಮಾನರ ಹೆಂಡತಿ. ಈಶ್ವರಮಂಗಲದ ಆಚೆಯ ಗಿರಾಕಿಗಳಿಗೆ ಮಲಯಾಳ ಬೇಕೆಂದಾಗ ಕೆಳಗಿನ ಟಯರ್ ಅಂಗಡಿಯವರನ್ನು ಮೇಲೆ ಕರೆದು ಕೂರಿಸಿದೆವು. ಅವರು ಎರಡನೇ ವಾಕ್ಯದ ಮೊದಲು ಒಂದು ಸಲ ಕೆಮ್ಮಿದರು. ಆ ಕೆಮ್ಮು ಹಾಗೆಯೇ ಡಬ್ಬಿಯ ಒಳಗೆ ಹೋಗಿ ಕೂತಿತು. ನನ್ನ ಕಷ್ಟ ಬೇರೆ ತರದ್ದು. ಸಂತೆಗೆ ಹೋದರೆ ಗುರ್ತವಿಲ್ಲದವರು ನನ್ನ ಮಾತು ಕೇಳಿ ತಿರುಗಿ ನೋಡಿ, “ಓ, ನೀವಾ ಮಾರಾಯ್ರೆ ದಿನಾ ಬೆಳಿಗ್ಗೆ ಎಬ್ಬಿಸುದು? ಸ್ವಲ್ಪ ಲೇಟಾಗಿ ಫೋನು ಮಾಡ್ಲಿಕ್ಕೆ ಆಗುದಿಲ್ವಾ?” ಎಂದು ಬೈಯುತ್ತಿದ್ದರು.

ಇನ್ನು ನನ್ನ ಕೆಲಸ. ಆಫೀಸಿನ ಮೂಲೆಯಲ್ಲಿ ಒಂದು ಕಂಪ್ಯೂಟರ್ ಉಂಟು, ಅದನ್ನು ಯಾರೂ ಆರಿಸಬಾರದು. ಇಂಜಿನಿಯರಮ್ಮ ಪ್ರೋಗ್ರಾಮಿನಲ್ಲಿ ಒಂದು ಸಾಲು ಬದಲಿಸಿದರೂ ಸಾಕು, ಅದು ತಾನಾಗಿಯೇ ಎದ್ದು ಪ್ರತಿಯೊಂದು ಬಗೆಯ ಡಬ್ಬಿಗೂ ಬೇಕಾದ ಪ್ರೋಗ್ರಾಂ ಕಟ್ಟಿ, ಪರೀಕ್ಷೆ ಮಾಡಿ, ಸರಿ ಇದ್ದರೆ ಹಸಿರು, ತಪ್ಪಿದ್ದರೆ ಕೆಂಪು ತೋರಿಸುತ್ತದೆ. ಹೀಗೆ ಕಟ್ಟುವುದಕ್ಕೆ ಬಿಲ್ಡ್ ಎನ್ನುತ್ತಾರೆ. ಯಾವ ಡಬ್ಬಿಗೆ ಹೇಗೆ ಕಟ್ಟಬೇಕು ಎಂದು ಬರೆದಿಡುವ ಚೀಟಿಗೆ ಕಾನ್ಫಿಗ್. ಚೀಟಿ ಬರೆಯುವುದು ನಾನು. ಬರೆದದ್ದು ಹೇಗೆಂದು ಕೇಳಬೇಡಿ. ಹಳೆಯ ಚೀಟಿ ತೆರೆದು, ಹೆಸರು ಬದಲಿಸಿ, ಹೊಸ ಚೀಟಿಯೆಂದು ಉಳಿಸಿದೆ.

ನಾಲ್ಕು ವರ್ಷದಲ್ಲಿ ಅರುವತ್ತೊಂದು ಚೀಟಿಗಳಾದವು. ಹೆಸರುಗಳೋ, ದೇವರಿಗೇ ಪ್ರೀತಿ. ‘ಪೆರಾಬೆ’, ‘ಪೆರಾಬೆ ಹೊಸತು’, ‘ಆಲಂಕಾರು ಅಳಿಯ’, ‘ಆಲಂಕಾರು ಅಳಿಯನ ಅಣ್ಣ ಪಾಲಾದ ಮೇಲೆ’, ‘ಸುಳ್ಯ ದೊಡ್ಡ ಮನೆ ಸರಿಯಾದದ್ದು’, ‘ಸುಳ್ಯ ದೊಡ್ಡ ಮನೆ ಇದೇ ಸರಿಯಾದದ್ದು’. ಡಬ್ಬಿ ಎಂಥದ್ದು ಎಂದು ಯಾವ ಹೆಸರಿನಲ್ಲೂ ಇಲ್ಲ, ಡಬ್ಬಿ ಯಾರದ್ದು ಎಂದು ಎಲ್ಲದರಲ್ಲೂ ಉಂಟು. ನಮ್ಮ ಕಡೆ ಮನುಷ್ಯರನ್ನು ಗುರುತಿಸುವುದು ಹಾಗೆ, ಚೀಟಿಗೆ ಬೇರೆ ಕ್ರಮ ನನಗೆ ಹೊಳೆಯಲೇ ಇಲ್ಲ. ಆಲಂಕಾರಿನ ಅಳಿಯ ತೋಟ ಮಾರಿ ಹೋದ ಮೇಲೂ ಆ ಹೆಸರಿನಲ್ಲಿ ಮೂರು ಮನೆಗೆ ಬಿಲ್ಡ್ ಹೋಗುತ್ತಿತ್ತು.

ಕೊನೆಗೆ ಕುತ್ತಿಗೆಗೆ ಬಂದದ್ದು ಆ ಕೆಮ್ಮು. ಈಶ್ವರಮಂಗಲದ ಗಿರಾಕಿಯೊಬ್ಬರು, ಮೆಷಿನಿಗೆ ಕಫ ಉಂಟು, ತೆಗೆಯಿರಿ ಎಂದರು. ತೆಗೆದೆವು. ಮಲಯಾಳದ ಚೀಟಿಗಳು ಏಳು. ನಾನು ಬದಲಿಸಿದ್ದು ಆರು. ದೂರು ಕೊಟ್ಟವರದ್ದು ಏಳನೆಯದು. ಅವರು ಪುನಃ ಫೋನು ಮಾಡಿ, “ಈಗ ನಮ್ಮ ನೆರೆಕರೆಯವರಿಗೆಲ್ಲ ಗುಣವಾಗಿದೆ, ನಮ್ಮದಕ್ಕೆ ಮಾತ್ರ ಆಗ್ಲಿಲ್ಲ” ಎಂದಾಗ ಯಜಮಾನರು ಕುರ್ಚಿಯನ್ನು ನನ್ನ ಕಡೆ ತಿರುಗಿಸಿದರು.

“ಅಕ್ಕಾ, ಒಂದು ಕೆಮ್ಮು ತೆಗೀಲಿಕ್ಕೆ ಏಳು ಕಡೆ ಕೈ ಹಾಕುದು ಎಂತ ಪಂಚಾತಿಕೆ? ಒಂದೇ ತರದ್ದನ್ನೆಲ್ಲ ಒಂದು ಮಾಡಿ. ಹತ್ತರ ಮೇಲೆ ಇರಬಾರದು. ನೀರು ಬಿಡುವ ಕಾಲ ಮುಗಿಯುವ ಮೊದಲು ಆಗ್ಬೇಕು.”

“ಆಗ್ತದೆ ಸಾರ್” ಎಂದೆ. ಮಾತು ಕೊಡುವುದರಲ್ಲಿ ನಾನು ಎಂದೂ ಹಿಂದೆ ಬಿದ್ದವಳಲ್ಲ.

ಆದರೆ ಹೇಳುವಾಗಲೇ ಒಂದು ವಿಷಯ ನೆನಪಾಯಿತು. ಆ ಅರುವತ್ತೊಂದರಲ್ಲಿ ಎರಡು ಚೀಟಿಗಳು ನನ್ನ ಇಬ್ಬರು ಸೋದರಮಾವಂದಿರದ್ದು.

ಪೆರಾಬೆಯಲ್ಲಿ ಒಂದು ಕೆರೆ. ಅದರ ಬಡಗು ಬದಿಯಲ್ಲಿ ದೊಡ್ಡ ಮಾವನ ಮನೆ, ತೆಂಕು ಬದಿಯಲ್ಲಿ ಸಣ್ಣ ಮಾವನದ್ದು. ಪಾಲಾಗಿ ಹನ್ನೊಂದು ವರ್ಷ. ಜಾಗದ ಪಾಲು ಸುಸೂತ್ರವಾಗಿಯೇ ಮುಗಿದಿತ್ತು. ಕೊನೆಗೆ ಬಚ್ಚಲಿನ ತಾಮ್ರದ ಹಂಡೆ ಯಾರಿಗೆ ಎಂಬಲ್ಲಿ ಮಾತಿಗೆ ಮಾತು ಬೆಳೆಯಿತು. ಹಂಡೆ ಇಬ್ಬರಿಗೂ ಬೇಡವೆಂದು ನನ್ನ ಅಮ್ಮ ಅದನ್ನು ಜೀಪಿನಲ್ಲಿ ಹಾಕಿಸಿ ನಮ್ಮ ಮನೆಗೆ ತಂದಳು. ಮಾತು ನಿಂತದ್ದು ಮಾತ್ರ ನಿಂತೇ ಹೋಯಿತು. ಅಮ್ಮ ತೀರಿಕೊಂಡಾಗ ಉತ್ತರಕ್ರಿಯೆಯ ದಿನ, ಬೊಜ್ಜದ ಊಟಕ್ಕೆ ಇಬ್ಬರೂ ಬಂದರು, ಬೇರೆ ಬೇರೆ ಪಂಕ್ತಿಯಲ್ಲಿ ಕೂತರು. ಒಬ್ಬರಿಗೆ ಪಾಯಸ ಬಡಿಸಿ ಇನ್ನೊಬ್ಬರ ಪಂಕ್ತಿಗೆ ಹೋಗುವಷ್ಟರಲ್ಲಿ ನನಗೆ ಅಳು ಬಂತು. ಅಮ್ಮನಿಗಾಗಿ ಬಂದದ್ದೋ ಇವರಿಗಾಗಿ ಬಂದದ್ದೋ ನನಗೇ ಗೊತ್ತಾಗಲಿಲ್ಲ.

ಅಮ್ಮನ ಕಡೆಯದ್ದೆಂದು ನನಗೆ ಉಳಿದದ್ದು ಈ ಎರಡು ಮನೆ. ಎರಡಕ್ಕೂ ಹೋಗಿಬರುವವಳು ನಾನೊಬ್ಬಳೇ. ಅದಕ್ಕೆ ನನ್ನದೇ ಕ್ರಮ ಉಂಟು: ಈ ಸಲ ಬಡಗಿಗೆ ಮೊದಲು ಹೋದರೆ ಮುಂದಿನ ಸಲ ತೆಂಕಿಗೆ ಮೊದಲು. ಅಲ್ಲೊಂದು ಕಾಪಿ ಕುಡಿದರೆ ಇಲ್ಲೊಂದು ಕಾಪಿ ಕುಡಿಯಲೇಬೇಕು, ಹೊಟ್ಟೆ ಉರಿದರೂ. ಅಲ್ಲಿಯ ಮಾತು ಇಲ್ಲಿಗೆ ತರಬಾರದು. ಒಬ್ಬರ ಕಡೆ ವಾಲಿದಳು ಎಂದಾದರೆ ಇನ್ನೊಂದು ಮನೆಯ ಬಾಗಿಲು ನನಗೆ ಮುಚ್ಚಿದ ಹಾಗೆ, ಮತ್ತೆ ಆ ಎರಡು ಮನೆಗಳ ನಡುವೆ ಒಂದು ನೂಲೂ ಉಳಿಯುವುದಿಲ್ಲ. ಡಬ್ಬಿ ಕೂರಿಸುವಾಗಲೂ ಅಷ್ಟೆ, ಇಬ್ಬರಿಗೂ ಒಂದೇ ದಿನ ಕೂರಿಸಿದ್ದೆ.

ಕೆರೆಯ ನೀರಿಗೆ ಸರದಿ ಉಂಟು. ಸಮ ತಾರೀಕು ದೊಡ್ಡ ಮಾವನದ್ದು, ಬೆಸ ತಾರೀಕು ಸಣ್ಣ ಮಾವನದ್ದು. ಮೊದಲನೇ ವರ್ಷವೇ ಮೂವತ್ತೊಂದು ತಾರೀಕು ಬಂದು ಎಡವಟ್ಟಾಯಿತು. ಮೂವತ್ತೊಂದೂ ಬೆಸ, ಮರುದಿನದ ಒಂದೂ ಬೆಸ. ಅವನಿಗೆ ಎರಡು ದಿನ ಒಟ್ಟಿಗೆ ಯಾಕೆ ಎಂದು ದೊಡ್ಡ ಮಾವ ಎದ್ದು ನಿಂತರು, ಕ್ಯಾಲೆಂಡರು ಮಾಡಿದ್ದು ನಾನಾ ಎಂದು ಸಣ್ಣ ಮಾವ ಕೂತಲ್ಲೇ ಕೂತರು. ಊರಿನ ನಾಲ್ಕು ಜನ ಸೇರಿ ಮೂವತ್ತೊಂದು ಯಾರದ್ದೂ ಅಲ್ಲ, ಅಂದು ಕೆರೆಗೆ ರಜೆ ಎಂದು ತೀರ್ಮಾನಿಸಿದರು. ನಮ್ಮ ಡಬ್ಬಿ ಬಂದ ಮೇಲೆ ಇದೆಲ್ಲ ಅದರ ಒಳಗೇ ಇತ್ತು: ಸರದಿಯ ದಿನವಲ್ಲದಿದ್ದರೆ ಕರೆಂಟು ಬಂದರೂ ಪಂಪು ಏಳುವುದಿಲ್ಲ, ಮೂವತ್ತೊಂದಕ್ಕೆ ಯಾರದ್ದೂ ಏಳುವುದಿಲ್ಲ. ಇಬ್ಬರ ಚೀಟಿಯೂ ಅಕ್ಷರಕ್ಕೆ ಅಕ್ಷರ ಒಂದೇ. ಒಂದರಲ್ಲಿ ‘ಸಮ’, ಒಂದರಲ್ಲಿ ‘ಬೆಸ’.

ಚೀಟಿಗಳನ್ನು ಒಪ್ಪವಾಗಿ ಜೋಡಿಸುವುದು ಹೇಗೆಂದು ಆಫೀಸಿನಲ್ಲಿ ದೊಡ್ಡ ಚರ್ಚೆಯಾಯಿತು. ಪುತ್ತೂರು, ಸುಳ್ಯ, ಕಡಬ ಎಂದು ತಾಲೂಕು ಪ್ರಕಾರ ಮಾಡುವ ಎಂದೆ ನಾನು. ಇಂಜಿನಿಯರಮ್ಮ ಕನ್ನಡಕ ತೆಗೆದಿಟ್ಟಳು. ಅವಳಿಗೆ ಮೂವತ್ತು ದಾಟಿರಬೇಕು, ನನಗೆ ಅಕ್ಕ ಎನ್ನುತ್ತಾಳೆ, ಆದರೆ ಕೆಲಸದಲ್ಲಿ ನನ್ನ ಅಜ್ಜಿಯ ಹಾಗೆ.

“ಅಕ್ಕ, ಪಂಪಿಗೆ ತಾಲೂಕು ಎಂತಕ್ಕೆ? ಕಡಬ ಬೇರೆ ತಾಲೂಕಾದಾಗ ನೀವು ಎಷ್ಟು ಚೀಟಿಯ ಹೆಸರು ತಿದ್ದಿದ್ದೀರಿ, ನೆನಪುಂಟಾ? ಡಬ್ಬಿ ಎಂತ ಮಾಡ್ತದೆ ಅಂತ ನೋಡಿ. ಯಾರದ್ದು ಅಂತ ನೋಡ್ಬೇಡಿ.”

ಅವಳ ಲೆಕ್ಕ ಸರಳ. ಭಾಷೆ ಐದು, ಕರೆಂಟು ಸಿಂಗಲ್ ಫೇಸ್ ಮತ್ತು ತ್ರೀ ಫೇಸ್ ಎಂದು ಎರಡು. ಬ್ಯಾರಿ ಭಾಷೆಯಲ್ಲಿ ಸಿಂಗಲ್ ಫೇಸ್ ಯಾರೂ ಕೇಳಿಲ್ಲ, ಹಾಗಾಗಿ ಒಂಬತ್ತು. ಸರದಿಯ ನೀರಿಗೆ ಇನ್ನೊಂದು, ಒಟ್ಟು ಹತ್ತು ಮೂಲ ಚೀಟಿ. ಯಾರಿಗಾದರೂ ಬೇರೆ ಎಂತಾದರೂ ಬೇಕಿದ್ದರೆ ಮೂಲದ ಕೆಳಗೆ ಅವರದ್ದೊಂದು ಸಣ್ಣ ಚೀಟಿ. ಅದರಲ್ಲಿ ವ್ಯತ್ಯಾಸ ಮಾತ್ರ ಬರೆಯಬೇಕು. ಬರೆಯದೆ ಬಿಟ್ಟದ್ದೆಲ್ಲ ಮೂಲದಲ್ಲಿದ್ದ ಹಾಗೆಯೇ. ಹದಿಮೂರು ವರ್ಷದ ಮದುವೆ ಕಾಗದದಲ್ಲಿ ಇದು ನನಗೆ ಹೊಳೆಯಬೇಕಿತ್ತು, ಹೊಳೆಯಲಿಲ್ಲ. ನನ್ನ ಮೇಲೆಯೇ ಸಿಟ್ಟು ಬಂತು.

ಮೂರು ವಾರ ಕೂತು ಒಂಬತ್ತನ್ನು ಮುಗಿಸಿದೆ. ಉಳಿದದ್ದು ಸರದಿಯದ್ದು. ಸರದಿ ಇದ್ದದ್ದು ಇಡೀ ಪಟ್ಟಿಯಲ್ಲಿ ನನ್ನ ಮಾವಂದಿರಿಗೆ ಮಾತ್ರ. ಮೂಲ ಚೀಟಿಯನ್ನು ಯಾರದ್ದರಿಂದ ಮಾಡುವುದು? ಒಬ್ಬರದ್ದನ್ನು ಮೂಲ ಮಾಡಿದರೆ ಇನ್ನೊಬ್ಬರು ಅದರ ಕೆಳಗೆ ಬಂದ ಹಾಗೆ. ಕಂಪ್ಯೂಟರಿನ ಒಳಗೆ ಯಾರು ನೋಡುತ್ತಾರೆ ಎಂದು ನೀವು ಕೇಳಬಹುದು. ನಾನು ನೋಡುತ್ತೇನಲ್ಲ! ಕೊನೆಗೆ ವಯಸ್ಸಿನಲ್ಲಿ ಹಿರಿಯರೆಂದು ದೊಡ್ಡ ಮಾವನ ಚೀಟಿಯನ್ನೇ ತೆರೆದು ಮೂಲವೆಂದು ಉಳಿಸಿದೆ. ಮತ್ತೆ ಕೆಳಗಿನ ಸಣ್ಣ ಚೀಟಿಗಳ ಹೆಸರು. ‘ಕೆರೆ ಒಂದು’, ‘ಕೆರೆ ಎರಡು’ ಎಂದು ಬರೆದು ಅಳಿಸಿದೆ, ಎರಡು ಎನಿಸಿಕೊಳ್ಳುವುದು ಯಾರು? ‘ದೊಡ್ಡ’, ‘ಸಣ್ಣ’ ಎಂದು ಬರೆದು ಅದನ್ನೂ ಅಳಿಸಿದೆ. ಬೆಳಗ್ಗಿನಿಂದ ಊಟದ ತನಕ ಆ ಎರಡು ಹೆಸರಿಗಾಗಿ ಕೂತು ಕೊನೆಗೆ ‘ಕೆರೆ-ಬಡಗು’, ‘ಕೆರೆ-ತೆಂಕು’ ಎಂದು ಇಟ್ಟಾಗ ನನ್ನ ನ್ಯಾಯಕ್ಕೆ ನಾನೇ ತಲೆದೂಗಿದೆ. ದಿಕ್ಕಿಗೆ ಯಾರೂ ಬೇಸರ ಮಾಡಲಿಕ್ಕಿಲ್ಲ.

ಮೂಲೆಯ ಕಂಪ್ಯೂಟರು ಎದ್ದು ಎಲ್ಲ ಬಿಲ್ಡುಗಳನ್ನು ಕಟ್ಟಿತು. ಮೇಲಿಂದ ಕೆಳಗೆ ಹಸಿರು. ಯಜಮಾನರು ಅಂದು ಎಲ್ಲರಿಗೂ ಪರೋಟ ತರಿಸಿದರು. ಹೊಸ ಪ್ರೋಗ್ರಾಂ ಸಿಮ್ಮಿನ ಮೂಲಕ ಎಲ್ಲ ಡಬ್ಬಿಗಳಿಗೂ ಹೋಯಿತು. ಅದು ಮಾರ್ಚ್ ಹದಿಮೂರು.

ಮರುದಿನ ಬೆಳಿಗ್ಗೆ ಆರೂವರೆ ದಾಟಿತ್ತು, ಕಾವಲಿಗೆ ಮೊದಲ ನೀರುದೋಸೆ ಹೊಯ್ದಿದ್ದೆ. ಸಣ್ಣ ಮಾವನ ಫೋನು ಬಂತು. ಮನೆಯಲ್ಲಿ ನಾವು ಆಡುವುದು ತುಳು, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

“ಮಗಾ, ನೀನು ಈಗ ಫೋನು ಮಾಡಿ ಪಂಪು ಚಾಲು ಆಗಿದೆ ಅಂತ ಹೇಳಿದಿ.”

“ನಾನಲ್ಲ ಮಾವ, ಡಬ್ಬಿ.”

“ಡಬ್ಬಿಯೇ ಆಗ್ಲಿ, ಸ್ವರ ನಿನ್ನದಲ್ವಾ. ಇವತ್ತು ತಾರೀಕು ಹದಿನಾಲ್ಕು.”

ನನ್ನ ಕೈಯಲ್ಲಿದ್ದ ಸೌಟು ಅಲ್ಲಿಯೇ ನಿಂತಿತು. ಹದಿನಾಲ್ಕು ಸಮ. ಅಂದು ಏಳಬೇಕಾದದ್ದು ಬಡಗಿನ ಪಂಪು ಮಾತ್ರ. ‘ಕೆರೆ-ತೆಂಕು’ ಎಂಬ ಚೀಟಿಯಲ್ಲಿ ನಾನು ಬರೆಯಬೇಕಾಗಿದ್ದ ಒಂದೇ ಒಂದು ಶಬ್ದ ‘ಬೆಸ’. ಹೆಸರಿಡುವ ಗಡಿಬಿಡಿಯಲ್ಲಿ ಅದೊಂದನ್ನೇ ಬರೆದಿರಲಿಲ್ಲ. ಬರೆಯದ್ದೆಲ್ಲ ಮೂಲದ ಹಾಗೆ, ಮೂಲ ದೊಡ್ಡ ಮಾವನದ್ದು, ಅದರಲ್ಲಿದ್ದದ್ದು ‘ಸಮ’. ಪರೀಕ್ಷೆ ಮಾಡುವ ಕಂಪ್ಯೂಟರಿಗೆ ಚೀಟಿಯಲ್ಲಿ ಇದ್ದದ್ದು ಡಬ್ಬಿಯಲ್ಲಿ ಉಂಟೋ ಎಂದು ಮಾತ್ರ ಗೊತ್ತಾಗುತ್ತದೆ, ಹನ್ನೊಂದು ವರ್ಷದ ಜಗಳ ಗೊತ್ತಾಗುವುದಿಲ್ಲ. ಹಿಂದಿನ ವಾರದ ಅಪ್ಪ ಪುನಃ ಮದುವೆಗೆ ಹೊರಟಿದ್ದರು.

ನಾನು ಬಾಯಿ ತೆರೆಯುವ ಮೊದಲೇ ಸಣ್ಣ ಮಾವ ಸ್ವರ ತಗ್ಗಿಸಿ ಕೇಳಿದರು. “ಅಣ್ಣ ಹೇಳಿದ್ದಾ?”

“ಎಂತ ಮಾವ?”

“ಅಲ್ಲ, ಮೇಲಿನ ತಟ್ಟಿನಲ್ಲಿ ಕಳೆದ ಮಳೆಗಾಲಕ್ಕೆ ಸಸಿ ಇಟ್ಟದ್ದು ಒಣಗ್ತಾ ಉಂಟು. ಅಣ್ಣನ ಅಂಗಳದಿಂದ ಅದು ಕಾಣ್ತದೆ. ಅದಕ್ಕೆ ಅವರೇ ನಿನ್ನತ್ರ ಹೇಳಿ ಬಿಡಿಸಿದ್ದಾ ಅಂತ ಕೇಳಿದೆ.”

ಹನ್ನೊಂದು ವರ್ಷದಲ್ಲಿ ಅವರ ಬಾಯಲ್ಲಿ ‘ಅಣ್ಣ’ ಎಂಬ ಶಬ್ದವನ್ನು ನಾನು ಕೇಳಿರಲಿಲ್ಲ. ‘ಆಚೆಯವರು’ ಎನ್ನುತ್ತಿದ್ದರು. ಹೌದು ಎಂದರೆ ಸುಳ್ಳು. ಅಲ್ಲ ಎಂದರೆ ಆ ಶಬ್ದ ಇನ್ನೊಂದು ಹನ್ನೊಂದು ವರ್ಷಕ್ಕೆ ಒಳಗೆ ಹೋಗುತ್ತದೆ. ಅಷ್ಟರಲ್ಲಿ ದೊಡ್ಡ ಮಾವನ ಫೋನು ಒಳಗೆ ಬರತೊಡಗಿತು. “ಮಾವ, ಒಂದು ನಿಮಿಷ” ಎಂದು ಹೇಳಿ ಇದನ್ನು ಇಟ್ಟು ಅದನ್ನು ತೆಗೆದೆ. ದೋಸೆ ಕರಟುವ ವಾಸನೆ ಬರುತ್ತಿತ್ತು.

ದೊಡ್ಡ ಮಾವನ ಹಿಂದೆ ಎರಡು ಪಂಪುಗಳ ಶಬ್ದ ಒಟ್ಟಿಗೆ ಕೇಳುತ್ತಿತ್ತು. “ಕೇಳ್ತದಾ ನಿನಗೆ? ಕೇಳ್ತದಾ? ನನ್ನ ದಿನ ಅವ ಪಂಪು ಬಿಟ್ಟಿದ್ದಾನೆ. ಹಾಡುಹಗಲಲ್ಲಿ. ಎರಡೂ ಹೀಗೇ ಎಳೆದ್ರೆ ಎಂಟೂವರೆಗೆ ಕೆಸರು, ಮತ್ತೆ ಎರಡೂ ಮೋಟಾರು ಸುಟ್ಟು ಹೋಗ್ತದೆ. ನಿನ್ನ ಡಬ್ಬಿ ಇರುವಾಗ ಇದು ಹೇಗೆ ಆಗ್ತದೆ? ಅವ ನಿನ್ನತ್ರ ಹೇಳಿ ಮಾಡಿಸಿದ್ದಾ?”

ನೋಡಿ, ಅಲ್ಲಿಗೆ ಬಂತು. ನಾನು ವಾಲಿದವಳು ಎಂಬಲ್ಲಿಗೆ. ಆಫೀಸಿಗೆ ಓಡಿ ಚೀಟಿ ತಿದ್ದೋಣವೆಂದರೆ, ಪಂಪು ಓಡುತ್ತಿರುವಾಗ ಡಬ್ಬಿ ಹೊಸ ಪ್ರೋಗ್ರಾಂ ತೆಗೆದುಕೊಳ್ಳುವುದಿಲ್ಲ. ಅದು ಇಂಜಿನಿಯರಮ್ಮನ ಜಾಗ್ರತೆ. ಯಾರಾದರೊಬ್ಬರು ಮನೆಯ ಫೋನಿನಿಂದ ಡಬ್ಬಿಗೆ ಕರೆ ಮಾಡಿ, ಎರಡು ಒತ್ತಿ ತನ್ನ ಪಂಪು ನಿಲ್ಲಿಸಬೇಕು. ನ್ಯಾಯವಾಗಿ ನಿಲ್ಲಿಸಬೇಕಾದವರು ಸಣ್ಣ ಮಾವ. ಅವರಿಗೆ ಹೇಳಬೇಕಾದದ್ದು, ನಿಮ್ಮ ಅಣ್ಣ ಕೊಟ್ಟದ್ದಲ್ಲ, ನಿಲ್ಲಿಸಿ ಎಂದು.

ನನ್ನಿಂದ ಆಗಲಿಲ್ಲ. ದೊಡ್ಡ ಮಾವನ ಹತ್ತಿರ ಇದ್ದದ್ದು ಇದ್ದ ಹಾಗೆ ಹೇಳಿಬಿಟ್ಟೆ. “ಮಾವ, ಅವರದ್ದು ತಪ್ಪಿಲ್ಲ. ತಪ್ಪು ನನ್ನದು. ನಿಮ್ಮ ಚೀಟಿಯಿಂದ ಅವರದ್ದು ಮಾಡುವಾಗ ಒಂದು ಶಬ್ದ ಬದಲಿಸ್ಲಿಕ್ಕೆ ಮರೆತೆ.”

“ಮದುವೆ ಕಾಗದದ ಹಾಗೆ?”

“ಹೌದು ಮಾವ. ಹಾಗೇ.”

ಬೈಯುತ್ತಾರೆಂದು ಕಾದೆ. ಬೈಯಲು ಉಸಿರು ಎಳೆದುಕೊಂಡದ್ದೂ ಕೇಳಿಸಿತು. ಆದರೆ ಕೇಳಿದ್ದು ಬೇರೆ. “ಅವ ಎಂತ ಹೇಳಿದ?”

ಅಲ್ಲಿಯ ಮಾತು ಇಲ್ಲಿಗೆ ತರಬಾರದು ಎಂಬ ನನ್ನ ಕ್ರಮವನ್ನು ನಾನು ಮುರಿದದ್ದು ಅದೊಂದೇ ಸಲ. “‘ಅಣ್ಣ ಹೇಳಿದ್ದಾ’ ಅಂತ ಕೇಳಿದ್ರು.”

“ಎಂತ ಅಂತ ಕೇಳಿದ?”

“ಅಣ್ಣ ಹೇಳಿದ್ದಾ ಅಂತ. ಸಸಿ ಒಣಗುದು ನಿಮ್ಮ ಅಂಗಳದಿಂದ ಕಾಣ್ತದಂತೆ. ನೀವೇ ಕೊಟ್ಟದ್ದು ಅಂತ ಅವರು ತಿಳ್ಕೊಂಡಿದ್ದಾರೆ.”

“ಆ ಇನ್ನೊಂದು ಫೋನು ತಾ” ಎಂದು ಅವರು ಅತ್ತೆಗೆ ಹೇಳಿದ್ದು ಕೇಳಿಸಿತು. ಮತ್ತೆ ಆ ಫೋನಿನಲ್ಲಿ ಏನೋ ಒತ್ತಿದ ಹಾಗೆ ಟುಯ್ ಎಂದಿತು, ಒಂದು ಪಂಪಿನ ಶಬ್ದ ಇಳಿದು ಇಳಿದು ನಿಂತಿತು. ಯಾರದ್ದು ನಿಂತದ್ದೆಂದು ನನಗೆ ಗೊತ್ತಾಗಲು ಸ್ವಲ್ಪ ಹೊತ್ತು ಬೇಕಾಯಿತು.

“ನನ್ನದು ನಿಲ್ಲಿಸಿದ್ದೇನೆ” ಎಂದರು ದೊಡ್ಡ ಮಾವ. “ಸುಮ್ಮನೆ ಮೋಟಾರು ಸುಡುದು ಯಾಕೆ? ಅವನದ್ದು ಓಡ್ಲಿ.”

“ನಾನು ಅವರಿಗೆ ಫೋನು ಮಾಡಿ ತಪ್ಪು ನನ್ನದು ಅಂತ ಹೇಳ್ತೇನೆ ಮಾವ.”

“ನೀನು ಎಂತದ್ದೂ ಹೇಳ್ಬೇಡ! ಹೌದು ಅಂತಲೂ ಬೇಡ, ಅಲ್ಲ ಅಂತಲೂ ಬೇಡ. ನಿನ್ನ ಬಾಯಿ ಡಬ್ಬಿಯ ಒಳಗೆ ಇರುದೇ ಸಾಕು.” ಫೋನು ಇಟ್ಟರು.

ಸಣ್ಣ ಮಾವನಿಗೆ ಪುನಃ ಫೋನು ಮಾಡಿದೆ. ಅವರು ಮೊದಲ ರಿಂಗಿಗೇ ತೆಗೆದರು. “ಪಂಪು ಓಡ್ಲಿ ಮಾವ” ಎಂದೆ, ಅಷ್ಟೆ. ಅವರೂ ಹೆಚ್ಚು ಕೇಳಲಿಲ್ಲ.

ಆಫೀಸಿನಲ್ಲಿ ಎಲ್ಲವನ್ನೂ ಒಪ್ಪಿಕೊಂಡೆ. ಯಜಮಾನರು ತಲೆ ಮೇಲೆ ಕೈಯಿಟ್ಟು, ಬೇರೆ ಯಾರ ಕೆರೆಗೂ ಹೀಗೆ ಆಗಿಲ್ಲವಲ್ಲ ಎಂದು ಮೂರು ಸಲ ಕೇಳಿ ಸಮಾಧಾನ ಮಾಡಿಕೊಂಡರು. ಇಂಜಿನಿಯರಮ್ಮ ಬೈಯಲಿಲ್ಲ, ಕೂತು ಒಂದು ಹೊಸ ಪರೀಕ್ಷೆ ಬರೆದಳು. ಒಂದೇ ಕೆರೆಯ ಎರಡು ಪಂಪು ಒಂದೇ ದಿನ ಎದ್ದರೆ ಬಿಲ್ಡ್ ಕೆಂಪು. ಮೂವತ್ತೊಂದಕ್ಕೆ ಯಾರದ್ದಾದರೂ ಎದ್ದರೆ ಆಗಲೂ ಕೆಂಪು. ನಾನು ತೆಂಕಿನ ಚೀಟಿಯಲ್ಲಿ ‘ಬೆಸ’ ಎಂದು ಬರೆದು, ಬರೆದದ್ದನ್ನು ನಾಲ್ಕು ಸಲ ಓದಿದೆ.

ಆ ಭಾನುವಾರ ಪೆರಾಬೆಗೆ ಹೋದೆ. ಕ್ರಮದ ಪ್ರಕಾರ ಬಡಗಿಗೆ ಮೊದಲು. ದೊಡ್ಡ ಮಾವ ಕಾಪಿ ಮುಗಿಯುವ ತನಕ ಅಡಿಕೆಯ ಕ್ರಯ, ಬಸ್ಸಿನ ರಶ್ಶು ಎಂದೆಲ್ಲ ಮಾತಾಡಿ, ಅತ್ತೆ ಲೋಟ ಎತ್ತಿಕೊಂಡು ಒಳಗೆ ಹೋದ ಕೂಡಲೇ ಹತ್ತಿರಕ್ಕೆ ಬಗ್ಗಿದರು.

“ಆ ತಪ್ಪು ಇನ್ನೊಮ್ಮೆ ಮಾಡ್ಲಿಕ್ಕೆ ಆಗ್ತದಾ?”

“ಯಾವುದು ಮಾವ?”

“ಹದಿನಾಲ್ಕಕ್ಕೆ ಆದದ್ದು. ತಿಂಗಳಿಗೆ ಒಂದು ಸಲ, ಅದೇ ತಾರೀಕಿಗೆ. ಅವನದ್ದು ಏಳ್ಬೇಕು, ನನ್ನದು ಏಳಬಾರದು. ಸಸಿ ಸ್ವಲ್ಪ ದೊಡ್ಡದಾಗುವ ವರೆಗೆ ಸಾಕು. ತಪ್ಪಿ ಆದ ಹಾಗೆ ಆಗ್ಬೇಕು. ಯಾರಾದ್ರೂ ಕೇಳಿದ್ರೆ ಮೆಷಿನು ಹಾಳಾಗಿದೆ ಅಂತ ನಾನೇ ಹೇಳ್ತೇನೆ.”

ಹೇಳುತ್ತಾ ಅಂಗಳದ ಆಚೆ ನೋಡಿದರು. ಅಲ್ಲಿಂದ ಆ ಸಸಿಗಳು ನಿಜಕ್ಕೂ ಕಾಣುತ್ತವೆ. ಆಗಲಿ ಮಾವ ಎಂದೆ. ಮತ್ತೆ ಕೆರೆಯ ಬದಿಯಿಂದ ತೆಂಕಿಗೆ ಹೋಗಿ ಎರಡನೇ ಕಾಪಿ ಕುಡಿದೆ. ಸಣ್ಣ ಮಾವ ಅಂದು ಒಂದು ಸೀಯಾಳ ಹೆಚ್ಚಿಗೆ ಕೆತ್ತಿ ಕೊಟ್ಟರು.

ಸಣ್ಣ ಮಾವ ತಾವೇ ಹೊರಟು ಬಂದದ್ದು ಮುಂದಿನ ವಾರ, ಪುತ್ತೂರಿನ ಆಫೀಸಿಗೆ. ಕೆಳಗೆ ಟಯರು ನೋಡಲು ಬಂದೆ, ಹಾಗೇ ಹತ್ತಿದೆ ಎಂದರು. ಅವರಿಗೆ ಇರುವುದು ಒಂದು ಸೈಕಲ್ಲು, ಕೆಳಗೆ ಸಿಗುವುದು ಲಾರಿಯ ಟಯರು. ಮೂಲೆಯ ಕಂಪ್ಯೂಟರನ್ನು ಸ್ವಲ್ಪ ಹೊತ್ತು ನೋಡಿದರು. “ಇದರ ಒಳಗಾ ನಮ್ಮ ಕೆರೆ ಇರುದು?” ಎಂದು ಕೇಳಿದರು.

“ಹೌದು ಮಾವ.”

“ಹಾಗಾದ್ರೆ ನೋಡು. ಮೂವತ್ತೊಂದು ತಾರೀಕು ಲೆಕ್ಕ ಪ್ರಕಾರ ನನ್ನದೇ ದಿನ. ಸಿಟ್ಟಿನಲ್ಲಿ ಕೆರೆಗೆ ಬಿಟ್ಟದ್ದು. ಅದನ್ನು ಅಣ್ಣನಿಗೆ ಮಾಡು. ನಾನು ಹೇಳಿದ್ದು ಅಂತ ಗೊತ್ತಾಗಬಾರದು. ಕೇಳಿದ್ರೆ ನಿನ್ನದೇ ತಪ್ಪು ಅಂತ ಹೇಳು. ನಿನಗೆ ಅಭ್ಯಾಸ ಉಂಟಲ್ಲ.”

ಅವರು ಇಳಿದು ಹೋದ ಮೇಲೆ ನಾನು ಎರಡೂ ಚೀಟಿಗಳನ್ನು ತೆರೆದೆ. ಇಬ್ಬರೂ ಹೇಳಿದ್ದನ್ನು ಬರೆದೆ. ಇಡೀ ಜನ್ಮದಲ್ಲಿ ನಾನು ಜಾಗ್ರತೆಯಿಂದ ಮಾಡಿದ ತಪ್ಪುಗಳು ಅವೆರಡೇ. ಹದಿನಾಲ್ಕರದ್ದು ಹಸಿರಾಯಿತು. ಮೂವತ್ತೊಂದರದ್ದು ಹೊಸ ಪರೀಕ್ಷೆಗೆ ಸಿಕ್ಕಿ ಬಿಲ್ಡ್ ಕೆಂಪಾಯಿತು. ಇಂಜಿನಿಯರಮ್ಮ ತಿರುಗಿ ನೋಡಿದಳು. ಯಜಮಾನರೂ ಎದ್ದು ಬಂದರು.

“ಇದು ಎಂತ ಅಕ್ಕಾ ಪುನಃ?”

ಚೀಟಿಯಲ್ಲಿ ಆ ಸಾಲುಗಳ ಮೇಲೆ ಒಂದು ಟಿಪ್ಪಣಿ ಬರೆದಿಟ್ಟಿದ್ದೆ: ‘ಇದು ಬೇಕೆಂದೇ ಬರೆದದ್ದು. ದಯವಿಟ್ಟು ಯಾರೂ ಸರಿಮಾಡಬೇಡಿ.’ ಅವರು ಓದಿ ನನ್ನ ಮುಖ ನೋಡಿದರು. ಹೇಳಲೇಬೇಕಾಯಿತು, ಹೇಳಿದೆ. ಇಂಜಿನಿಯರಮ್ಮ ತನ್ನ ಪರೀಕ್ಷೆಗೆ ಒಂದು ಸಾಲು ಸೇರಿಸಿದಳು, ಮೂವತ್ತೊಂದಕ್ಕೆ ಬಡಗು ಮಾತ್ರ ಏಳಬಹುದು ಎಂದು. ಕೆಂಪು ಹೋಗಿ ಹಸಿರಾಯಿತು. ಯಜಮಾನರು ಕುರ್ಚಿಗೆ ಮರಳಿ ಕೂತು, “ನಮ್ಮ ಮನೆಯಲ್ಲಿ ಸಹ ಇಂಥ ಇಬ್ಬರಿದ್ದಾರೆ ಮಾರಾಯ್ರೆ, ಅವರ ನಡುವೆ ಕೆರೆ ಇಲ್ಲ, ಅದೇ ತೊಂದರೆ” ಎಂದರು.

ಮಾರ್ಚ್ ಮೂವತ್ತೊಂದು. ಬೆಳಿಗ್ಗೆ ಕಾವಲಿಯ ಎದುರು ನಿಂತು ದೋಸೆಗಿಂತ ಹೆಚ್ಚು ಫೋನನ್ನೇ ನೋಡುತ್ತಿದ್ದೆ. ಆರೂವರೆಗೆ ಸರಿಯಾಗಿ ಬಂತು. ದೊಡ್ಡ ಮಾವ. ಹಿಂದೆ ಒಂದೇ ಪಂಪಿನ ಶಬ್ದ.

“ಇವತ್ತು ಮೂವತ್ತೊಂದು. ನನ್ನ ಪಂಪು ಎದ್ದಿದೆ.”

“ಹೌದಾ ಮಾವ?”

“ತಮ್ಮ ಹೇಳಿದ್ದಾ?”

ತಮ್ಮ ಎಂಬ ಶಬ್ದವನ್ನೂ ನಾನು ಹನ್ನೊಂದು ವರ್ಷದಿಂದ ಕೇಳಿರಲಿಲ್ಲ. ಆದರೆ ಮಾತು ಕೊಟ್ಟಾಗಿತ್ತು, ಇಬ್ಬರಿಗೂ. “ಇಲ್ಲ ಮಾವ, ನನ್ನದೇ ತಪ್ಪು. ಪುನಃ ಎಂತದೋ ಬದಲಿಸ್ಲಿಕ್ಕೆ ಮರೆತೆ.”

ಪಂಪು ಓಡುತ್ತಲೇ ಇತ್ತು. ಅವರು ಎರಡು ಒತ್ತಲಿಲ್ಲ.

“ಸುಳ್ಳು ಹೇಳ್ಬೇಡ ಮಗಾ” ಎಂದರು. “ನಿನ್ನ ತಪ್ಪು ನನಗೆ ಗೊತ್ತಿಲ್ವಾ? ಇಷ್ಟು ಒಳ್ಳೆ ತಪ್ಪು ಮಾಡ್ಲಿಕ್ಕೆ ನಿನಗೆ ಬರುದಿಲ್ಲ.”

ಅವರು ಫೋನು ಇಡಲಿಲ್ಲ, ನಾನೂ ಇಡಲಿಲ್ಲ. ನಾನು ಆ ನೀರಿನ ಶಬ್ದ ಕೇಳುತ್ತಾ ನಿಂತೆ. ಅಂದಿನ ದೋಸೆಯೂ ಕರಟಿತು.